ಎಂಟು ತಿಂಗಳ ಮಗುವಿನ ಶೀತಕ್ಕೆ ದೊಡ್ಡಪತ್ರೆ ರಸ: ಕೊಡಬಹುದಾ, ಬೇಡವಾ?

ಚಿಗುರೆಲೆ
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಎಂಟು ತಿಂಗಳು. ಬೆಂಗಳೂರಿನ ಈ ಮಳೆ, ಥಂಡಿಗೆ ಮೂಗು ಸೋರುತ್ತಿದೆ, ರಾತ್ರಿ ಮಲಗಿದಾಗ ಗೊರಗೊರ ಅನ್ನುತ್ತಾನೆ. ಜ್ವರ ಇಲ್ಲ. ಹಾಲು ಕುಡಿಯುತ್ತಾನೆ, ಆಟವನ್ನೂ ಆಡುತ್ತಾನೆ. ಡಾಕ್ಟರ್ ಹತ್ತಿರ ಹೋಗಿದ್ದೆವು. ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಬರೆದುಕೊಟ್ಟರು. ಬೇರೆ ಏನೂ ಬೇಡ, ತಾನಾಗಿಯೇ ಹೋಗುತ್ತದೆ ಎಂದರು.

ಅತ್ತೆ ಸಾಗರದಿಂದ ಬಂದಿದ್ದಾರೆ. ಬರುವಾಗಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ದೊಡ್ಡಪತ್ರೆ ತಂದಿದ್ದಾರೆ. ಎಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಸೇರಿಸಿ ಮೂರು ಹೊತ್ತು ನೆಕ್ಕಿಸೋಣ ಅನ್ನುತ್ತಾರೆ. ನನ್ನ ಗಂಡ, ನಾದಿನಿ ಇಬ್ಬರೂ ಅದನ್ನೇ ಕುಡಿದು ಬೆಳೆದವರು. ನನ್ನ ಬಾಣಂತನ ಪೂರ್ತಿ ಅತ್ತೆಯೇ ಮಾಡಿದ್ದು, ಅವರ ಕೈಗುಣದ ಮೇಲೆ ನನಗೆ ನಂಬಿಕೆ ಇದೆ. ಆದರೂ ಇಷ್ಟು ಸಣ್ಣ ಮಗುವಿಗೆ ಕೊಡಲು ಧೈರ್ಯ ಸಾಲುತ್ತಿಲ್ಲ. ಕೊಟ್ಟವರು ಹೇಳಿ, ಎಷ್ಟು ಹನಿ, ಎಷ್ಟು ದಿನ? ಕೊಡಲೇಬಾರದು ಅನ್ನುವವರು ಯಾಕೆ ಅಂತಲೂ ಹೇಳಿ.

ಹಿತ್ತಿಲಮನೆ
ಹೆದರಬೇಡ ತಂಗಿ. ನಮ್ಮ ಶಿರಸಿ ಕಡೆ ಬಚ್ಚಲು ನೀರು ಹರಿಯುವ ಕಡೆ ಒಂದು ಬುಡ ದೊಡ್ಡಪತ್ರೆ ಇಲ್ಲದ ಮನೆ ಸಿಗುವುದು ಕಷ್ಟ. ನನ್ನ ಮೂರೂ ಮಕ್ಕಳಿಗೆ ಕೊಟ್ಟಿದ್ದೇನೆ, ಈಗ ಮೊಮ್ಮಗಳಿಗೂ ಕೊಡುತ್ತೇನೆ.

ಮಾಡುವ ಕ್ರಮ ಮಾತ್ರ ಸರಿ ಇರಬೇಕು. ತೀರಾ ಬಲಿತ ಎಲೆ ಬೇಡ, ತುದಿಯ ಚಿಗುರೂ ಬೇಡ. ನಡುವಿನ ಎಲೆ ಎರಡು ಸಾಕು. ತೊಳೆದು, ಒರೆಸಿ, ಬಿಸಿ ಕಾವಲಿ ಮೇಲೆ ಹಾಕು. ಮೊದಲು ಎಲೆ ಬೆವರುತ್ತದೆ, ಮೇಲಿರುವ ಸಣ್ಣ ರೋಮದ ಮೇಲೆ ನೀರು ಹನಿ ಹನಿಯಾಗಿ ನಿಲ್ಲುತ್ತದೆ. ಆಮೇಲೆ ಅಂಚು ಒಳಗೆ ಮಡಚಿಕೊಂಡು ಬಣ್ಣ ಮಂಕಾಗುತ್ತದೆ. ಆಗ ತೆಗೆದು ಸ್ವಲ್ಪ ಆರಲು ಬಿಟ್ಟು ಬೆರಳಲ್ಲಿ ಹಿಂಡಿದರೆ ರಸ ಸಲೀಸಾಗಿ ಬರುತ್ತದೆ. ಹಸಿ ಎಲೆ ಜಜ್ಜಿ ಹಿಂಡಿದರೆ ಖಾರ ಜಾಸ್ತಿ, ಮಗುವಿನ ಬಾಯಿ ಉರಿಯುತ್ತದೆ. ಈ ರಸಕ್ಕೆ ಒಂದೆರಡು ಹನಿ ಜೇನು ಸೇರಿಸಿ ನಾಲಿಗೆಗೆ ಹಚ್ಚು. ಎರಡು ದಿನದಲ್ಲಿ ಕಫ ಸಡಿಲವಾಗುತ್ತದೆ.

ಹಾಸನದ_ನರ್ಸ್
ಜೇನು ಬೇಡ. ಮಿಕ್ಕಿದ್ದು ಆಮೇಲೆ ಮಾತಾಡೋಣ, ಮೊದಲು ಇದನ್ನು ಓದಿ.

ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಒಂದು ಹನಿಯೂ ಕೊಡಬಾರದು. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ನಮ್ಮ ನಿಮ್ಮ ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ. ಹಸುಗೂಸಿನ ಕರುಳು ಇನ್ನೂ ಬಲಿತಿರುವುದಿಲ್ಲ. ಅಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಚೀಪುವ ಶಕ್ತಿ ಕಡಿಮೆಯಾಗುತ್ತದೆ, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋತುಬೀಳುತ್ತದೆ, ಕತ್ತು ನಿಲ್ಲುವುದಿಲ್ಲ. ಉಸಿರಾಟಕ್ಕೇ ತೊಂದರೆ ಆಗಬಹುದು. ಅಪರೂಪದ ಕಾಯಿಲೆ, ನಿಜ. ಆದರೆ ಒಂದು ನೆಗಡಿಗಾಗಿ ಆ ಅಪಾಯ ಯಾಕೆ ತೆಗೆದುಕೊಳ್ಳಬೇಕು?

ಹಿತ್ತಿಲಮನೆ
ಅಂಗಡಿ ಜೇನಿಗೆ ಈ ಮಾತು ಸರಿ ಇರಬಹುದು. ನಮ್ಮದು ತುಡುವೆ ಜೇನು, ಮನೆ ಪೆಟ್ಟಿಗೆಯದ್ದು. ಬೆಲ್ಲದ ಪಾಕ ಬೆರೆಸಿದ್ದಲ್ಲ.

ಹಾಸನದ_ನರ್ಸ್
ಅಮ್ಮಾ, ಇದು ಕಲಬೆರಕೆಯ ವಿಷಯ ಅಲ್ಲ. ಆ ಬೀಜಕಣ ಮಣ್ಣಿನಲ್ಲಿ, ಧೂಳಿನಲ್ಲಿ ಇರುವಂಥದ್ದು, ಜೇನುಹುಳದ ಜೊತೆ ಗೂಡಿಗೆ ಬರುತ್ತದೆ. ಎಷ್ಟೇ ಶುದ್ಧ ಜೇನಾದರೂ ಇರಬಹುದು. ಕಾಯಿಸಿದರೆ ಹೋಗುತ್ತದಲ್ಲ ಎಂದು ಕೇಳುತ್ತಾರೆ. ಮನೆಯಲ್ಲಿ ನೀರು ಕುದಿಯುವ ಬಿಸಿಗೆ ಅದು ಸಾಯುವುದಿಲ್ಲ. ಒಂದು ವರ್ಷ ದಾಟಿದ ಮೇಲೆ ನೀವೇ ನಿಮ್ಮ ತುಡುವೆ ಜೇನು ಕೊಡಿ, ಕೆಮ್ಮಿಗೆ ಒಳ್ಳೆಯದು ಅಂತ ಡಾಕ್ಟರುಗಳೂ ಹೇಳುತ್ತಾರೆ.

ತುಮಕೂರು_ಅಪ್ಪ
ಇದು ಗೊತ್ತಿರಲೇ ಇಲ್ಲ. ನಾಮಕರಣದ ದಿನ ಚಿನ್ನದ ಉಂಗುರಕ್ಕೆ ಜೇನು ಹಚ್ಚಿ ನೆಕ್ಕಿಸುತ್ತಾರಲ್ಲ, ಅದು?

ಹಾಸನದ_ನರ್ಸ್
ಅದೂ ಬೇಡ. ಶಾಸ್ತ್ರಕ್ಕೆ ಉಂಗುರವನ್ನು ತುಟಿಗೆ ಮುಟ್ಟಿಸಿ ಸಾಕು. ಅದನ್ನೂ ಚೆನ್ನಾಗಿ ತೊಳೆದು.

ಲೆಕ್ಕಾಚಾರ
ಜೇನಿನ ವಿಷಯ ಮುಗಿಯಿತು. ಎಲೆಯ ವಿಷಯಕ್ಕೆ ಬರೋಣ. ಎರಡು ದಿನದಲ್ಲಿ ಕಫ ಸಡಿಲವಾಯಿತು ಅನ್ನುತ್ತೀರಿ. ವೈರಸ್‌ನಿಂದ ಬರುವ ನೆಗಡಿ ಒಂದು ವಾರ, ಹತ್ತು ದಿನದಲ್ಲಿ ಏನೂ ಮಾಡದಿದ್ದರೂ ಹೋಗುತ್ತದೆ. ಮೂಗು ಸೋರಲು ಶುರುವಾಗಿ ನಾಲ್ಕನೇ ದಿನಕ್ಕೆ ಅಜ್ಜಿಗೆ ಎಲೆ ನೆನಪಾಗುತ್ತದೆ, ಆರನೇ ದಿನಕ್ಕೆ ಮಗು ಹುಷಾರಾಗುತ್ತದೆ. ಹೆಸರು ಎಲೆಗೆ ಹೋಗುತ್ತದೆ. ಹಸುಗೂಸುಗಳಿಗೆ ಈ ರಸ ಕೊಟ್ಟು, ಕೊಡದ ಮಕ್ಕಳ ಜೊತೆ ಹೋಲಿಸಿ ನೋಡಿದ ಪರೀಕ್ಷೆ ಇದ್ದರೆ ತೋರಿಸಿ, ಒಪ್ಪುತ್ತೇನೆ.

ಹಿತ್ತಿಲಮನೆ
ತಲೆತಲಾಂತರದಿಂದ ಕೊಟ್ಟು ನೋಡಿದ್ದು ಪರೀಕ್ಷೆ ಅಲ್ಲವಾ? ನಮ್ಮೂರಿಗೆ ಬಸ್ಸೇ ಇಲ್ಲದ ಕಾಲದಲ್ಲಿ ಮಕ್ಕಳನ್ನು ಸಾಕಿದ್ದು ಇದೇ ಸೊಪ್ಪು, ಇದೇ ಕಷಾಯದಲ್ಲಿ.

ಲೆಕ್ಕಾಚಾರ
ಆ ಕಾಲದಲ್ಲಿ ಎಷ್ಟು ಮಕ್ಕಳು ಉಳಿಯುತ್ತಿರಲಿಲ್ಲ ಎಂಬುದೂ ನಿಮಗೆ ಗೊತ್ತು. ಪ್ರತಿ ಮನೆಯಲ್ಲೂ ಒಂದೆರಡು ಮಕ್ಕಳು ಹೋದ ಕಥೆ ಇರುತ್ತಿತ್ತು. ಉಳಿದವರು ಮಾತ್ರ ಇಲ್ಲಿ ಬಂದು ಸಾಕ್ಷಿ ಹೇಳುತ್ತಿದ್ದಾರೆ.

ಬಿಎಎಂಎಸ್_ಕೊನೇವರ್ಷ
ಲೆಕ್ಕಾಚಾರ ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಎಲೆಯಲ್ಲಿ ಏನೂ ಇಲ್ಲ ಅನ್ನುವುದೂ ತಪ್ಪು. ದೊಡ್ಡಪತ್ರೆಯ ಘಾಟಿಗೆ ಕಾರಣ ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಎಣ್ಣೆಯ ಅಂಶಗಳು. ಓಂಕಾಳಿನಲ್ಲಿ ಇರುವುದೂ ಥೈಮಾಲೇ, ಅದಕ್ಕೇ ಎರಡರ ವಾಸನೆ ಒಂದೇ ಥರ. ಪ್ರಯೋಗಾಲಯದಲ್ಲಿ ಇವು ಬ್ಯಾಕ್ಟೀರಿಯಾ, ಶಿಲೀಂಧ್ರ ಕೊಲ್ಲುತ್ತವೆ. ಗಾಜಿನ ತಟ್ಟೆಯಲ್ಲಿ ಕೊಂದದ್ದು ಮಗುವಿನ ಎದೆಯಲ್ಲಿ ಕೆಲಸ ಮಾಡುತ್ತದೆ ಎಂದು ಅದರಿಂದಲೇ ಹೇಳಲು ಬರುವುದಿಲ್ಲ, ಅಷ್ಟೇ.

ಮನುಷ್ಯರ ಮೇಲೆ ನಡೆದ ಕೆಲಸವೂ ಇದೆ, ಆದರೆ ನೆಗಡಿಗೆ ಅಲ್ಲ. ಇಂಡೋನೇಷ್ಯಾದ ಸುಮಾತ್ರಾದಲ್ಲಿ ಬಾಟಕ್ ಜನ ಬಾಣಂತಿಗೆ ಇದೇ ಸೊಪ್ಪಿನ ಸಾರು ಮಾಡಿ ಕೊಡುತ್ತಾರೆ. ಅಲ್ಲಿ ಇದಕ್ಕೆ ತೊರ್ಬಾಂಗುನ್ ಎಂದು ಹೆಸರು. ಅದನ್ನು ಕುಡಿದ ತಾಯಂದಿರಿಗೆ ಹಾಲು ಜಾಸ್ತಿಯಾಯಿತು ಎಂದು 2006ರಲ್ಲಿ ಒಂದು ಅಧ್ಯಯನ ಬಂತು. ಇನ್ನೊಂದು ತೈವಾನಿನದು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ದೊಡ್ಡಪತ್ರೆ ಮತ್ತು ಒಂದೆಲಗದ ಸಾರದಿಂದ ಒಂದು ಮುಲಾಮು ಮಾಡಿದ್ದಾರೆ. 236 ಜನರ ಮೇಲೆ ಪರೀಕ್ಷೆ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. 16 ವಾರದಲ್ಲಿ ಆ ಮುಲಾಮು ಹಚ್ಚಿದವರಲ್ಲಿ ಶೇ 60.7 ಜನರ ಹುಣ್ಣು ಪೂರ್ತಿ ಮಾಯಿತು. ಮಾಮೂಲಿ ಡ್ರೆಸ್ಸಿಂಗ್ ಮಾಡಿಸಿಕೊಂಡವರಲ್ಲಿ ಶೇ 35.1.

ಲೆಕ್ಕಾಚಾರ
ಇದು ಮಾತು. ಹೀಗೆ ಪರೀಕ್ಷೆ ಮಾಡಿದರೆ ನನ್ನ ತಕರಾರು ಏನೂ ಇಲ್ಲ. ಮಗುವಿನ ನೆಗಡಿಗೂ ಯಾರಾದರೂ ಮಾಡಲಿ.

ತುಮಕೂರು_ಅಪ್ಪ
ನಮ್ಮಂಥ ಅಪ್ಪ ಅಮ್ಮಂದಿರ ಕಷ್ಟ ಯಾರೂ ಹೇಳುತ್ತಿಲ್ಲ. 2023ರ ಡಿಸೆಂಬರಿನಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಎಂಬ ಎರಡು ಔಷಧಿ ಬೆರೆಸಿದ ನೆಗಡಿ ಸಿರಪ್ ಕೊಡಬೇಡಿ ಎಂದು ಆದೇಶ ಬಂತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಸೇರಿದ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ಪೇ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಹೇಳಿತು. ಸಿರಪ್ ಬೇಡ, ಜೇನು ಬೇಡ, ಎಲೆ ಬೇಡ. ರಾತ್ರಿ ಎರಡು ಗಂಟೆಗೆ ಮಗು ಮೂಗು ಕಟ್ಟಿ ಅಳುತ್ತಿದ್ದರೆ ಸುಮ್ನೆ ಕೂತು ನೋಡಬೇಕಾ? ಆಗ ಅಜ್ಜಿ ಒಂದು ಎಲೆ ಹಿಡಿದು ಬಂದರೆ ದೇವರು ಬಂದ ಹಾಗೆ ಅನಿಸುತ್ತದೆ.

ಮಲ್ಲಿಗೆಪುರ
+1. ರಾತ್ರಿ ಎರಡು ಗಂಟೆಗೆ ಎದ್ದು ಕೂತವರಿಗೇ ಗೊತ್ತು.

ಹಾಸನದ_ನರ್ಸ್
ತುಮಕೂರು ಅಣ್ಣನ ಮಾತು ಸರಿ. ಏನೂ ಮಾಡಬೇಡಿ ಎಂದು ಬರೀ ಬಾಯಿಮಾತಿಗೆ ಹೇಳಿ ಕಳಿಸುವುದು ನಮ್ಮ ಕಡೆಯ ತಪ್ಪು. ಮಾಡಲು ಸಾಕಷ್ಟು ಇದೆ.

ಉಪ್ಪುನೀರಿನ ಡ್ರಾಪ್ಸ್ ಹಾಲು ಕೊಡುವ ಮುಂಚೆ ಮತ್ತು ಮಲಗಿಸುವ ಮುಂಚೆ ಹಾಕಿ. ಒಂದು ನಿಮಿಷ ಬಿಟ್ಟು ಮೂಗು ಒರೆಸಿ. ಮೂಗು ಬಿಟ್ಟರೆ ಮಗು ಹಾಲು ಎಳೆಯುತ್ತದೆ, ಹೊಟ್ಟೆ ತುಂಬಿದರೆ ಮಲಗುತ್ತದೆ. ಮೂಗು ಕಟ್ಟಿದಾಗ ಒಂದೇ ಸಲ ಜಾಸ್ತಿ ಕುಡಿಯಲು ಆಗುವುದಿಲ್ಲ, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡಿ. ಎದೆಗೆ ಆನಿಸಿ ನೆಟ್ಟಗೆ ಎತ್ತಿಕೊಂಡು ಓಡಾಡಿ. ಆ ಗೊರಗೊರ ಸದ್ದು ಎಷ್ಟೋ ಸಲ ಎದೆಯದ್ದಲ್ಲ, ಮೂಗು ಗಂಟಲಿನದು.

ಈಗ ಮುಖ್ಯವಾದದ್ದು. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಜಾಸ್ತಿ ಬಂದರೆ ಆಸ್ಪತ್ರೆಗೆ ಹೊರಡಿ. ಎರಡು ತಿಂಗಳೂ ತುಂಬದ ಕೂಸಿಗೆ ಈ ಲೆಕ್ಕ 60. ಒಂದರಿಂದ ಐದು ವರ್ಷದವರಿಗೆ 40. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ, ಹಾಲು ಕುಡಿಯುವುದು ಬಿಟ್ಟರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ, ಎತ್ತಿಕೊಂಡು ಓಡಿ.

ಎಲೆಯ ಮೇಲೆ ನನಗೆ ಸಿಟ್ಟಿಲ್ಲ. ಎಲೆ ಕೊಟ್ಟಿದ್ದೇವಲ್ಲ, ಇನ್ನೊಂದು ದಿನ ನೋಡೋಣ ಅಂತ ತಡ ಮಾಡಿಕೊಂಡು ಬರುತ್ತಾರಲ್ಲ, ಅದರ ಮೇಲೆ ಸಿಟ್ಟು. ನ್ಯುಮೋನಿಯಾ ಒಂದು ರಾತ್ರಿಯಲ್ಲಿ ಬಿಗಡಾಯಿಸುತ್ತದೆ.

ಚಿಗುರೆಲೆ
ತುಂಬಾ ಧನ್ಯವಾದ ಅಕ್ಕ. ಈಗಲೇ ಎಣಿಸಿದೆ, 36 ಬಂತು. ಅತ್ತೆಗೆ ಜೇನಿನ ವಿಷಯ ಓದಿ ಹೇಳಿದೆ. ಹಾಗಾದರೆ ಜೇನು ಬಿಡೋಣ, ರಸ ಎದೆಹಾಲಿನಲ್ಲಿ ಕೊಡೋಣ ಅನ್ನುತ್ತಾರೆ.

ಕರ್ಪೂರವಳ್ಳಿ
ನಾವು ಕೊಳ್ಳೇಗಾಲದವರು. ಅಜ್ಜಿ ಒಳಗೆ ಕೊಡುತ್ತಲೇ ಇರಲಿಲ್ಲ. ಬಾಡಿಸಿದ ಎಲೆ ಬೆಚ್ಚಗಿರುವಾಗ ನೆತ್ತಿ ಮೇಲೆ ಇಟ್ಟು ಟೋಪಿ ಕಟ್ಟುತ್ತಿದ್ದರು. ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಚ್ಚುತ್ತಿದ್ದರು. ಹೊರಗೆ ಮಾಡುವುದಕ್ಕೆ ಏನೂ ತೊಂದರೆ ಇಲ್ಲ ಅಲ್ವಾ?

ಹಾಸನದ_ನರ್ಸ್
ಎಲೆ ಇಡಿ, ಬಿಸಿ ನಿಮ್ಮ ಮುಂಗೈಗೆ ತಾಗಿಸಿ ನೋಡಿ ಆಮೇಲೆ ಇಡಿ. ಕರ್ಪೂರ ಮಾತ್ರ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯ. ಮಗು ಎದೆ ಉಜ್ಜಿದ ಕೈಯನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ದೇವರ ಮನೆಯ ಡಬ್ಬಿಯನ್ನೂ ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಎದೆಹಾಲಿನಲ್ಲಿ ರಸದ ವಿಷಯ: ಆರು ತಿಂಗಳೊಳಗಿನ ಮಗು ಆಗಿದ್ದರೆ ಎದೆಹಾಲು ಬಿಟ್ಟು ಏನೂ ಬೇಡ ಅನ್ನುತ್ತಿದ್ದೆ. ನಿಮ್ಮ ಮಗುವಿಗೆ ಎಂಟು ತಿಂಗಳು. ಅವನ ಡಾಕ್ಟರಿಗೆ ಫೋನ್ ಮಾಡಿ, ಎಲೆಯ ಹೆಸರು ಹೇಳಿ ಕೇಳಿ. ಅವರು ಬೇಡ ಎಂದರೆ ಬೇಡ. ನಾನು ಇಲ್ಲಿ ಕೂತು ಹನಿ ಲೆಕ್ಕ ಹೇಳುವುದಿಲ್ಲ.

ಹಿತ್ತಿಲಮನೆ
ಡಾಕ್ಟರನ್ನು ಕೇಳಲಿ, ಬೇಡ ಅನ್ನುವುದಿಲ್ಲ ನಾನು. ಜೇನಿನದು ನನ್ನ ಸೊಸೆಗೂ ಕಳಿಸಿದೆ, ಮೊಮ್ಮಗಳಿಗೆ ಇನ್ನೂ ಹನ್ನೊಂದು ತಿಂಗಳು. ಇನ್ನೊಂದು ದಾರಿ ಇದೆ ತಂಗಿ. ಮಗುವಿಗೆ ಕೊಡುವ ಬದಲು ನೀನೇ ದೊಡ್ಡಪತ್ರೆ ತಂಬುಳಿ ಮಾಡಿಕೊಂಡು ಊಟ ಮಾಡು. ನಮ್ಮಲ್ಲಿ ಬಾಣಂತಿಗೆ ಹಾಕುವ ಅಡುಗೆಯೇ ಅದು. ಆ ಹುಡುಗ ಇಂಡೋನೇಷ್ಯಾದ್ದು ಹೇಳಿದನಲ್ಲ, ಓದಿ ಖುಷಿಯಾಯಿತು. ಎಲ್ಲಿಯ ಸುಮಾತ್ರಾ, ಎಲ್ಲಿಯ ಶಿರಸಿ!

ಬೆಳಗಾವಿಯಂವ
ತಂಬುಳಿ ಮಾತು ಬಂತು, ಹಾಗಾದರೆ ಭಜಿ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಕಡೆ ಇದಕ್ಕೆ ಅಜವಾನ ಎಲೆ ಅನ್ನುತ್ತೇವೆ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಮಳೆಗಾಲದ ಸಂಜೆಗೆ ಇನ್ನೇನು ಬೇಕು? ಎಲೆಯಲ್ಲಿ ನೀರು ಜಾಸ್ತಿ, ತೊಳೆದ ಮೇಲೆ ಚೆನ್ನಾಗಿ ಒರೆಸದಿದ್ದರೆ ಎಣ್ಣೆ ಸಿಡಿಯುತ್ತದೆ, ಹುಷಾರು. ಅಜವಾನ ಗಿಡದಿಂದಲೇ ಕಾಳು, ಎಲೆ ಎರಡೂ ಬರುತ್ತವೆ, ಎರಡೂ ಹೊಟ್ಟೆಗೆ ಒಳ್ಳೆಯದು.

ಬಿಎಎಂಎಸ್_ಕೊನೇವರ್ಷ
ಅಣ್ಣಾ, ಅವು ಬೇರೆ ಬೇರೆ ಗಿಡ. ಓಂಕಾಳಿನ ಗಿಡ ಕೊತ್ತಂಬರಿ, ಸಬ್ಬಸಿಗೆಯ ಕುಟುಂಬದ್ದು. ಎಲೆ ತೆಳ್ಳಗೆ ಎಳೆ ಎಳೆಯಾಗಿ ಇರುತ್ತದೆ. ದೊಡ್ಡಪತ್ರೆ ತುಳಸಿ, ಪುದೀನದ ಕುಟುಂಬ. ದಂಟು ಮುಟ್ಟಿ ನೋಡಿ, ಎಳೆಯ ದಂಟು ನಾಲ್ಕು ಮೂಲೆಯಾಗಿ ಇರುತ್ತದೆ. ವಾಸನೆ ಮಾತ್ರ ಒಂದೇ. ಸಂಸ್ಕೃತದಲ್ಲೂ ಪರ್ಣಯವಾನಿ ಎಂದಿದ್ದಾರೆ, ಎಲೆಯ ಓಮ ಅಂತ. ಕೆಲವು ಕಡೆ ಇದನ್ನೇ ಪಾಷಾಣಭೇದ ಎಂದು ಕಿಡ್ನಿ ಕಲ್ಲಿಗೆ ಕೊಡುತ್ತಾರೆ. ಆದರೆ ಪಾಷಾಣಭೇದ ಎಂದರೆ ಹೆಚ್ಚಿನವರು ಬಳಸುವುದು ಹಿಮಾಲಯದಲ್ಲಿ ಬೆಳೆಯುವ ಬೇರೆಯೇ ಗಿಡ. ಕಿಡ್ನಿ ಕಲ್ಲಿಗೆ ಇದನ್ನು ನಂಬಿ ಕೂರಬೇಡಿ.

ಬೆಳಗಾವಿಯಂವ
ಸರಿ, ತಿಳಿಯಿತು. ನಮ್ಮ ಜಿಲ್ಲೆಯಲ್ಲಿ ಬೆಳೆಯುವ ಮಾಕಂದಿ ಬೇರು ಇದರ ಅಣ್ಣತಮ್ಮನೇ ಇರಬೇಕಲ್ಲ? ಎಲೆ ನೋಡಲು ಒಂದೇ ಥರ ಇದೆ.

ಬಿಎಎಂಎಸ್_ಕೊನೇವರ್ಷ
ಹೌದು, ಎರಡೂ ಕೋಲಿಯಸ್ ಜಾತಿಯವು. ಮಾಕಂದಿಯ ಬೇರಿನಲ್ಲಿ ಫೋರ್ಸ್‌ಕೋಲಿನ್ ಎಂಬ ಅಂಶ ಇದೆ, ಬಿಪಿ ಇಳಿಸುತ್ತದೆ. ಅದಕ್ಕೇ ಅದನ್ನು ಔಷಧಿ ಕಂಪನಿಗಳು ಕೊಳ್ಳುತ್ತವೆ. ಎಲೆ ನೋಡಿ ದೊಡ್ಡಪತ್ರೆ ಎಂದು ಕಿತ್ತು ತಿನ್ನಬೇಡಿ. ತಿಕ್ಕಿ ಮೂಸಿದರೆ ಓಮದ ಘಾಟು ಬರಬೇಕು, ಬಾರದಿದ್ದರೆ ಅದು ದೊಡ್ಡಪತ್ರೆ ಅಲ್ಲ.

ಕುಂದಾಪ್ರದ_ಮಾಣಿ
ಕರಾವಳಿಯಲ್ಲಿ ಇದು ಸಾಂಬಾರಬಳ್ಳಿ. ಕೊಂಕಣಿಯವರು ಸಾಂಬಾರ ಪಾಲ್ಲೊ ಅನ್ನುತ್ತಾರೆ. ನಮ್ಮಲ್ಲಿ ಶೀತಕ್ಕಿಂತ ಪಿತ್ತದ ಗಂಧೆಗೇ ಇದರ ಬಳಕೆ ಜಾಸ್ತಿ. ಮೈಮೇಲೆ ದಡಿಕೆ ಎದ್ದು ತುರಿಸಿದರೆ ಎಲೆ ಕೈಯಲ್ಲಿ ಹಿಸುಕಿ ಉಜ್ಜಿ, ಕಂಬಳಿ ಹೊದ್ದು ಮಲಗುವುದು. ಜೊತೆಗೆ ಪುನರ್ಪುಳಿ ಸಾರು. ನನಗೆ ಸೀಗಡಿ ತಿಂದರೆ ಗಂಧೆ ಏಳುತ್ತದೆ. ಎಲೆ ಉಜ್ಜಿದ ತಕ್ಷಣ ತಂಪು ಅನಿಸುತ್ತದೆ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ.

ಲೆಕ್ಕಾಚಾರ
ಗಂಧೆಯ ದಡಿಕೆ ಉಜ್ಜದಿದ್ದರೂ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಅದರ ಗುಣವೇ ಅದು. ನೀವು ಸೀಗಡಿ ಬಿಡುವುದು ಒಳ್ಳೆಯದು.

ಕುಂದಾಪ್ರದ_ಮಾಣಿ
ಕುಂದಾಪುರದಲ್ಲಿ ಹುಟ್ಟಿ ಸೀಗಡಿ ಬಿಡಿ ಎಂದರೆ ಹೇಗೆ ಸ್ವಾಮಿ. ತುರಿಕೆಗೆ ಆ ಅರ್ಧ ಗಂಟೆ ಹಾಯಾಗಿ ಇರುವುದೂ ಒಂದು ಉಪಕಾರವೇ.

ಹಾಸನದ_ನರ್ಸ್
ಉಜ್ಜಿಕೊಳ್ಳಿ, ಬೇಡ ಅನ್ನುವುದಿಲ್ಲ. ಕೆಲವರ ಚರ್ಮಕ್ಕೆ ಎಲೆಯೇ ಆಗಿ ಬರುವುದಿಲ್ಲ, ಇನ್ನೂ ಕೆಂಪಾದರೆ ತೊಳೆದುಬಿಡಿ. ಆದರೆ ಸೀಗಡಿಯ ಅಲರ್ಜಿ ಇವತ್ತು ಗಂಧೆ, ನಾಳೆ ಬೇರೆ ಆಗಬಹುದು. ತುಟಿ, ಕಣ್ಣು ಊದಿಕೊಂಡರೆ, ಗಂಟಲು ಬಿಗಿದರೆ, ಉಸಿರಿಗೆ ಕಷ್ಟವಾದರೆ ಎಲೆ ಹುಡುಕುತ್ತಾ ಹಿತ್ತಿಲಿಗೆ ಹೋಗಬೇಡಿ. ಇಂಜೆಕ್ಷನ್ ಬೇಕು, ನಿಮಿಷಗಳ ಲೆಕ್ಕ.

ಜರ್ಸಿ_ಕನ್ನಡತಿ
ನ್ಯೂಜೆರ್ಸಿಯಿಂದ. ಇಲ್ಲಿ ನರ್ಸರಿಯಲ್ಲಿ ಕ್ಯೂಬನ್ ಓರೆಗಾನೊ ಎಂಬ ಚೀಟಿ ಹಚ್ಚಿದ ಕುಂಡ ಕಂಡಿತು. ಎಲೆ ಮುರಿದು ಮೂಸಿದರೆ ನಮ್ಮ ದೊಡ್ಡಪತ್ರೆ! ಬೇಸಿಗೆಯಲ್ಲಿ ಹೊರಗೆ ಪೊದೆಯಾಗುತ್ತದೆ. ಅಕ್ಟೋಬರಿನಲ್ಲಿ ಹಿಮ ಬೀಳುವ ಮುಂಚೆ ಒಳಗೆ ತರದಿದ್ದರೆ ಒಂದೇ ರಾತ್ರಿಗೆ ಕಪ್ಪಾಗಿ ಕರಗಿಹೋಗುತ್ತದೆ. ಚಳಿಗಾಲದಲ್ಲಿ ಕಿಟಕಿ ಹತ್ತಿರ ಇಡುತ್ತೇನೆ, ಆದರೆ ದಂಟು ಉದ್ದಕ್ಕೆ ಬೆಳೆದು ಬುಡ ಕೊಳೆಯುತ್ತದೆ. ಯಾರಾದರೂ ದಾರಿ ಹೇಳಿ.

ಟೆರೇಸ್_ತೋಟ
ನೀರು ಜಾಸ್ತಿ, ಬೆಳಕು ಕಡಿಮೆ, ಅಷ್ಟೇ ಕಾರಣ. ಎಲೆಯಲ್ಲೇ ನೀರು ಇಟ್ಟುಕೊಳ್ಳುವ ಗಿಡ ಇದು. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದೆ ಅನಿಸಿದರೆ ಮಾತ್ರ ನೀರು. ಮಣ್ಣಿಗೆ ಕಾಲು ಭಾಗಕ್ಕಿಂತ ಜಾಸ್ತಿ ಮರಳು ಬೆರೆಸಿ. ಉದ್ದವಾದ ದಂಟನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಅರ್ಧ ದಿನ ನೆರಳಲ್ಲಿ ಬಿಟ್ಟು ನೆಡಿ. ಕತ್ತರಿಸಿದ ಜಾಗ ಒಣಗಿದ್ದರೆ ಕೊಳೆಯುವುದಿಲ್ಲ. ತಾಯಿಗಿಡ ಹೋದರೂ ತುದಿಯ ಒಂದು ಕಡ್ಡಿ ಉಳಿದರೆ ಸಾಕು. ಇದಕ್ಕೆ ಬೀಜಕ್ಕಾಗಿ ಯಾರೂ ಕಾಯುವುದಿಲ್ಲ, ಕಡ್ಡಿಯಿಂದಲೇ ಊರೂರು ಸುತ್ತಿರುವ ಗಿಡ.

ಬೆಕ್ಕಿನಮನೆ
ಮನೆಯೊಳಗೆ ಕುಂಡ ಇಡುವವರು ಒಂದು ವಿಷಯ ಗಮನಿಸಿ. ನಮಗೆ ಔಷಧಿಯಾದ ಈ ಎಲೆ ಬೆಕ್ಕು, ನಾಯಿಗಳಿಗೆ ಆಗುವುದಿಲ್ಲ. ತಿಂದರೆ ವಾಂತಿ, ಭೇದಿ. ನಮ್ಮ ಬೆಕ್ಕು ಎಲೆ ಕಚ್ಚಿ ದಿನವಿಡೀ ವಾಂತಿ ಮಾಡಿಕೊಂಡಿತ್ತು. ಈಗ ಕುಂಡ ಮೇಲೆ ನೇತುಹಾಕಿದ್ದೇವೆ.

ಮಲ್ಲಿಗೆಪುರ
ಇದು ಹೊಸ ವಿಷಯ. ನಮ್ಮ ನಾಯಿಗೂ ಕೆಮ್ಮು ಬಂದಾಗ ಕೊಡೋಣ ಎಂದುಕೊಂಡಿದ್ದೆ.

ಜರ್ಸಿ_ಕನ್ನಡತಿ
ಥ್ಯಾಂಕ್ಸ್ ತೋಟದವರೇ. ಹಿತ್ತಿಲಮನೆ ಅಮ್ಮ, ತಂಬುಳಿ ಅಳತೆ ಹೇಳಿ. ನಾನು ಮಾಡಿದರೆ ಕಹಿ ಒಗರು ಬರುತ್ತದೆ.

ಹಿತ್ತಿಲಮನೆ
ಹಸಿ ಎಲೆ ರುಬ್ಬುತ್ತೀಯ, ಅದಕ್ಕೇ. ಹತ್ತು ಎಲೆ ಸಣ್ಣಗೆ ಹೆಚ್ಚು. ಬಾಣಲೆಗೆ ಒಂದು ಚಮಚ ತುಪ್ಪ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಜೀರಿಗೆ ಸಿಡಿದ ಮೇಲೆ ಎಲೆ ಹಾಕು. ಎಲೆ ನೀರು ಬಿಟ್ಟುಕೊಂಡು, ಆ ನೀರು ಪೂರ್ತಿ ಇಂಗಿ, ತುಪ್ಪ ಅಂಚಿಗೆ ಕಾಣುವವರೆಗೆ ಬಾಡಿಸಬೇಕು. ಅವಸರ ಮಾಡಬೇಡ, ಇಲ್ಲೇ ಒಗರು ಹೋಗುವುದು. ಆರಿದ ಮೇಲೆ ಮೂರು ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬು. ಎರಡು ಲೋಟ ಮಜ್ಜಿಗೆ, ಉಪ್ಪು. ಮೇಲಿಂದ ಸಾಸಿವೆ, ಒಣಮೆಣಸಿನ ಒಗ್ಗರಣೆ. ಬಿಸಿ ಅನ್ನಕ್ಕೆ ಮೊದಲ ತುತ್ತಿಗೇ ಕಲಸಿಕೊಳ್ಳಬೇಕು. ಕುದಿಸಬೇಡ, ಮಜ್ಜಿಗೆ ಒಡೆಯುತ್ತದೆ.

ಬೆಳಗಾವಿಯಂವ
ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಇನ್ನೂ ರುಚಿ.

ಹಿತ್ತಿಲಮನೆ
ತಂಬುಳಿಗೆ ಬೆಳ್ಳುಳ್ಳಿಯಾ! ದೊಡ್ಡಪತ್ರೆಯ ಪರಿಮಳವೇ ಸತ್ತುಹೋಗುತ್ತದೆ. ನಿಮ್ಮ ಭಜಿಗೆ ಹಾಕಿಕೊಳ್ಳಿ.

ನಿರ್ವಾಹಕ
ಅಡುಗೆಗೆ ಬೇರೆ ವಿಭಾಗ ಇದೆ. ಬೆಳ್ಳುಳ್ಳಿ ಚರ್ಚೆ ದಯವಿಟ್ಟು ಅಲ್ಲಿ ಮುಂದುವರಿಸಿ.

ಚಿಗುರೆಲೆ
ಡಾಕ್ಟರಿಗೆ ಫೋನ್ ಮಾಡಿದೆ. ಈಗ ಅವನಿಗೆ ಏನೂ ಬೇಡ, ಡ್ರಾಪ್ಸ್ ಮುಂದುವರಿಸಿ, ಒಂದು ವರ್ಷ ಆಗಲಿ, ಆಮೇಲೆ ಮಾತಾಡೋಣ ಎಂದರು. ಅತ್ತೆಗೆ ಮೊದಲು ಸ್ವಲ್ಪ ಬೇಜಾರಾಯಿತು. ಆಮೇಲೆ ಅವರೇ ಎಲೆ ಬಾಡಿಸಿ, ಮುಂಗೈಗೆ ಮುಟ್ಟಿಸಿ ನೋಡಿ, ಅವನ ನೆತ್ತಿ ಮೇಲೆ ಇಟ್ಟು ಟೋಪಿ ಹಾಕಿದರು. ಉಸಿರು ಎಣಿಸುವುದನ್ನೂ ಅವರಿಗೆ ತೋರಿಸಿಕೊಟ್ಟೆ. ರಾತ್ರಿ ನನಗಿಂತ ಮೊದಲು ಅವರೇ ಎದ್ದು ಎಣಿಸುತ್ತಿದ್ದರು. ಇವತ್ತು ಮಧ್ಯಾಹ್ನ ನನಗೆ ತಂಬುಳಿ ಆಯಿತು, ಬೆಳ್ಳುಳ್ಳಿ ಇಲ್ಲದ್ದು.

ತುಮಕೂರು_ಅಪ್ಪ
ಇಂಥ ಅತ್ತೆ ಎಲ್ಲರಿಗೂ ಸಿಗಲಿ. ಆ ಉಸಿರಿನ ಲೆಕ್ಕ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ರಾಯಚೂರಿನ_ತಂಗಿ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಮೇಲೆ ತೈವಾನ್ ಮುಲಾಮು ಬಗ್ಗೆ ಓದಿದೆ. ನಮ್ಮ ಅಪ್ಪನಿಗೆ ಶುಗರ್ ಇದೆ. ಚಪ್ಪಲಿ ಉಜ್ಜಿ ಕಾಲಿನ ಹೆಬ್ಬೆರಳಿಗೆ ಗಾಯ ಆಗಿದೆ. ನೋವೇ ಇಲ್ಲ ಅಂತ ಅಪ್ಪ ಸುಮ್ನೆ ಇದ್ದಾರೆ. ಊರಲ್ಲಿ ಯಾರೋ ಹೇಳಿದರು ಅಂತ ಕೆಲವು ದಿನದಿಂದ ದೊಡ್ಡಪತ್ರೆ ಜಜ್ಜಿ ಕಟ್ಟುತ್ತಿದ್ದಾರೆ. ಅಂಚು ಕಪ್ಪಾಗಿದೆ ಅಂತ ಅಮ್ಮ ಹೇಳಿದಳು. ಆ ಪರೀಕ್ಷೆಯಲ್ಲಿ ಮಾಯಿತು ಅಂದರೆ ಇದೂ ಮಾಯುತ್ತದಾ?

ಬಿಎಎಂಎಸ್_ಕೊನೇವರ್ಷ
ಇಲ್ಲ ಅಕ್ಕ, ದಯವಿಟ್ಟು ಎಲೆ ಕಟ್ಟುವುದನ್ನು ಈಗಲೇ ನಿಲ್ಲಿಸಿ. ಅದು ಎಲೆಯಿಂದ ತೆಗೆದ ಸಾರ, ಶುದ್ಧ ಮಾಡಿ, ಅಳತೆ ಇಟ್ಟು ಮಾಡಿದ್ದು. ಹಿತ್ತಿಲ ಎಲೆಯ ಮೇಲೆ ಮಣ್ಣು, ಧೂಳು, ಕ್ರಿಮಿ ಇರುತ್ತವೆ. ಆ ಪರೀಕ್ಷೆಯಲ್ಲಿ ಇದ್ದವರಿಗೆ ಡಾಕ್ಟರುಗಳೇ ಗಾಯ ಸ್ವಚ್ಛ ಮಾಡಿ ನೋಡಿಕೊಳ್ಳುತ್ತಿದ್ದರು.

ಹಾಸನದ_ನರ್ಸ್
ತಂಗಿ, ಶುಗರ್ ಇದ್ದವರಿಗೆ ನೋವಿಲ್ಲ ಅಂದರೆ ಒಳ್ಳೆಯ ಸುದ್ದಿ ಅಲ್ಲ. ನರ ಸತ್ತು ನೋವು ಗೊತ್ತಾಗುತ್ತಿಲ್ಲ. ಅಂಚು ಕಪ್ಪಾಗಿದೆ ಅಂದರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲದೆ ಇರಬಹುದು. ಕಟ್ಟು ಬಿಚ್ಚಿ, ಶುದ್ಧ ನೀರಿನಲ್ಲಿ ತೊಳೆದು, ಒಣ ಬಟ್ಟೆ ಸುತ್ತಿ. ಬಿಸಿನೀರಿನಲ್ಲಿ ಕಾಲು ಇಡಿಸಬೇಡಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಸರ್ಜನ್ ಇರುವ ಆಸ್ಪತ್ರೆಗೆ ಬೆಳಿಗ್ಗೆಯೇ ಕರೆದುಕೊಂಡು ಹೋಗಿ. ವಾಸನೆ ಬರುತ್ತಿದ್ದರೆ, ಜ್ವರ ಇದ್ದರೆ, ಕೆಂಪು ಮೇಲಕ್ಕೆ ಹಬ್ಬುತ್ತಿದ್ದರೆ ಬೆಳಿಗ್ಗೆವರೆಗೂ ಕಾಯಬೇಡಿ, ಈಗಲೇ ಹೊರಡಿ. ಬೆರಳು ಉಳಿಯುವುದು, ಹೋಗುವುದು ಈ ಒಂದೆರಡು ದಿನದಲ್ಲೇ ತೀರ್ಮಾನ ಆಗುತ್ತದೆ.

ಹಿತ್ತಿಲಮನೆ
ಹೌದು ಮಗಳೇ, ತಡ ಮಾಡಬೇಡ. ಶುಗರ್ ಗಾಯಕ್ಕೆ ನಾನೂ ಸೊಪ್ಪು ಹಚ್ಚಿಸುವುದಿಲ್ಲ. ನಮ್ಮ ಭಾವನವರ ಕಾಲು ಹೋಗಿದ್ದು ನೋಡಿದ್ದೇನೆ.

ರಾಯಚೂರಿನ_ತಂಗಿ
ಅಣ್ಣನಿಗೆ ಫೋನ್ ಮಾಡಿದೆ. ಜ್ವರ ಇಲ್ಲವಂತೆ, ಸ್ವಲ್ಪ ವಾಸನೆ ಇದೆಯಂತೆ. ಈಗಲೇ ಕಾರು ತರಿಸುತ್ತಿದ್ದಾನೆ.

ಹಾಸನದ_ನರ್ಸ್
ಒಳ್ಳೆಯದಾಯಿತು. ಶುಗರ್ ಮಾತ್ರೆ ಚೀಟಿ, ಹಳೆಯ ರಿಪೋರ್ಟ್ ಎಲ್ಲ ಜೊತೆಗೆ ಒಯ್ಯಲಿ. ಎಲೆ ಕಟ್ಟಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಲಿ, ಯಾರೂ ಬೈಯುವುದಿಲ್ಲ. ಏನಾಯಿತು ಎಂದು ಇಲ್ಲಿ ಬರೆಯಿರಿ.

ಜರ್ಸಿ_ಕನ್ನಡತಿ
ಅಪ್ಪ ಬೇಗ ಹುಷಾರಾಗಲಿ ರಾಯಚೂರಿನ ತಂಗಿ. ತೋಟದವರೇ, ಇನ್ನೊಂದು ಪ್ರಶ್ನೆ. ಎಲೆಯ ಬುಡದಲ್ಲಿ ಬಿಳಿ ಹತ್ತಿಯಂಥ ಹುಳ ಕೂತಿದೆ. ತಿನ್ನುವ ಎಲೆ, ಔಷಧಿ ಹೊಡೆಯಲು ಮನಸ್ಸಿಲ್ಲ.

ಟೆರೇಸ್_ತೋಟ
ಹಿಟ್ಟುತಿಗಣೆ. ಒಂದೇ ಕುಂಡ ಆದರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಾಬೂನು ನೀರಲ್ಲಿ ಉಜ್ಜಿ ತೆಗೆಯಿರಿ, ಒಂದು ಗಂಟೆ ಬಿಟ್ಟು ಬರೀ ನೀರಲ್ಲಿ ತೊಳೆಯಿರಿ. ವಾರಕ್ಕೊಮ್ಮೆ ಹೀಗೆ ಮಾಡಿ. ಜಾಸ್ತಿ ಹತ್ತಿದ ಕೊಂಬೆಯನ್ನು ಕತ್ತರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ.